ಸುಶೀಲ ಬೆಳಗದ ಪದಕ

ಆ ಪದಕವನ್ನು ಬೆಳಗಿದವಳು ನನ್ನ ಹೆಂಡತಿ ಸುಶೀಲ ಅಲ್ಲ. ನಾನು.

ಇಷ್ಟು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು. ಎಂಬತ್ತರ ದಶಕದಲ್ಲಿ ಅಮೆರಿಕದ ಲಾಸ್ ಆಲ್ಟೋಸಿನ ನಮ್ಮ ಮನೆಗೆ ಊಟಕ್ಕೆ ಬಂದವರು, ಹಬ್ಬಕ್ಕೆ ಬಂದವರು, ಆ ಕಥೆಯನ್ನು ನನ್ನ ಬಾಯಿಂದಲೇ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕವರು — ಅವರಲ್ಲಿ ಕೆಲವರಾದರೂ ಇದನ್ನು ಓದಬಹುದು. ಅವರಿಗಾಗಿ ಬರೆಯುತ್ತಿದ್ದೇನೆ... ಅಲ್ಲ, ಅದೂ ಪೂರ್ತಿ ನಿಜವಲ್ಲ. ಕೇಳಬೇಕಾಗಿದ್ದವಳು ಈಗ ಇಲ್ಲ. ಅದಕ್ಕೆ ಉಳಿದವರಿಗೆ ಹೇಳುತ್ತಿದ್ದೇನೆ.

ಬೆಂಗಳೂರಿನ ಬ್ರಾಹ್ಮಣರ ಹುಡುಗನಿಗೆ ಇಟಲಿಯ ಸೈನಿಕ ಪದಕಗಳ ಹುಚ್ಚು ಎಲ್ಲಿಂದ ಬಂತು ಎಂದು ಆಗ ಎಲ್ಲರೂ ಕೇಳುತ್ತಿದ್ದರು. ನಾನು ಹುಟ್ಟಿ ಬೆಳೆದದ್ದು ಯಶವಂತಪುರದಲ್ಲಿ. ಎರಡನೇ ಮಹಾಯುದ್ಧದ ಕಾಲಕ್ಕೆ ಜಾಲಹಳ್ಳಿ ಕಡೆ ಇಟಲಿಯ ಯುದ್ಧಕೈದಿಗಳನ್ನು ಇಟ್ಟಿದ್ದರು. ನಮ್ಮಪ್ಪ ಆ ಶಿಬಿರಕ್ಕೆ ತರಕಾರಿ ಒದಗಿಸುವ ಗುತ್ತಿಗೆದಾರರ ಹತ್ತಿರ ಗುಮಾಸ್ತರು. ಒಂದು ದಿನ ನನ್ನನ್ನೂ ಜೊತೆಗೆ ಕರೆದೊಯ್ದರು. ಬೇಲಿಯಾಚೆಯಿದ್ದ ಕೈದಿಯೊಬ್ಬ ಜೇಬಿನಿಂದ ನೀಲಿ ರಿಬ್ಬನ್ನಿನ ಬಿಲ್ಲೆಯೊಂದನ್ನು ತೆಗೆದು ನನ್ನ ಅಂಗೈ ಮೇಲಿಟ್ಟ. ಕೊಟ್ಟೇಬಿಟ್ಟ ಅಂದುಕೊಂಡು ನಾನು ಮುಷ್ಟಿ ಬಿಗಿ ಮಾಡಿದೆ. ಅವನು ನಗುತ್ತ ಒಂದೊಂದೇ ಬೆರಳು ಬಿಡಿಸಿ ವಾಪಸ್ಸು ತೆಗೆದುಕೊಂಡ. ನನ್ನ ಸಂಗ್ರಹ ಅಲ್ಲಿಂದಲೇ ಶುರುವಾಯಿತು ಎನ್ನಬೇಕು — ಕೈಗೆ ಬಂದು ಹೋದ ಒಂದು ವಸ್ತುವಿನಿಂದ.

ಅಮೆರಿಕಕ್ಕೆ ಬಂದು, ಎಂಜಿನಿಯರ್ ಕೆಲಸ ಗಟ್ಟಿಯಾಗಿ, ಮನೆ ಮಾಡಿದ ಮೇಲೆ ಆ ಹುಚ್ಚು ಹೆಡೆ ಎತ್ತಿತು. ಕಾಲೇಜೊಂದರ ಪಾರ್ಕಿಂಗ್ ಲಾಟಿನಲ್ಲಿ ಫ್ಲೀ ಮಾರ್ಕೆಟ್ಟು ನಡೆಯುತ್ತಿತ್ತು. ಹಳೆಯ ರೆಕಾರ್ಡುಗಳು, ಒಡೆದ ಲ್ಯಾಂಪುಗಳ ನಡುವೆ ಯಾವುದೋ ಇಟಾಲಿಯನ್ ಅಜ್ಜನ ಶಿಲುಬೆಯಾಕಾರದ ಯುದ್ಧಪದಕ, ಆಫ್ರಿಕಾದ ದಂಡಯಾತ್ರೆಯ ಕಂಚಿನ ಬಿಲ್ಲೆ ಒಂದು ಸಿಗರೇಟು ಟಿನ್ನಿನಲ್ಲಿ ಬಿದ್ದಿರುತ್ತಿದ್ದವು. ನಾನು ಹೆಕ್ಕಿ ತರುತ್ತಿದ್ದೆ. ಮಖಮಲ್ಲು ಹಾಸಿದ ಡ್ರಾಯರುಗಳಲ್ಲಿ ಸಾಲಾಗಿ ಇಡುತ್ತಿದ್ದೆ. ಮನೆಗೆ ಬಂದವರಿಗೆ ತೆರೆದು ತೋರಿಸಿ, ಕೈ ಚಾಚಿದರೆ ಗದರಿಸುತ್ತಿದ್ದೆ. ಪದಕದ ಮೇಲೆ ಕಾಲ ಕೂರಿಸಿದ ಕಪ್ಪನ್ನು ಯಾವತ್ತೂ ತೆಗೆಯಬಾರದು, ಅದೇ ಅದರ ಸಾಚಾತನ ಎಂದು ಉಪನ್ಯಾಸ ಕೊಡುತ್ತಿದ್ದೆ. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ ಅಂತಾರಲ್ಲ — ನನ್ನನ್ನು ನೋಡಿಯೇ ಮಾಡಿದ ಗಾದೆ.

ಸುಶೀಲ ಮೈಸೂರಿನವಳು. ಅವಳ ಜ್ಞಾಪಕಶಕ್ತಿ ನಮ್ಮ ಬಳಗದಲ್ಲೆಲ್ಲ ಹೆಸರುವಾಸಿ. ಒಂದು ಸಲ ಕೇಳಿದ ಫೋನ್ ನಂಬರನ್ನು ಮತ್ತೆ ಕೇಳುತ್ತಿರಲಿಲ್ಲ. ಬರ್ಕ್ಲಿಗೆ ಹೋಗುವಾಗ ಫ್ರೀವೇಯಲ್ಲಿ ಯಾವ ಎಕ್ಸಿಟ್ಟು ಅಂತ ಮ್ಯಾಪು ನೋಡುತ್ತಿದ್ದವನು ನಾನು, ನೋಡದೆ ಹೇಳುತ್ತಿದ್ದವಳು ಅವಳು. ಯಾರ ಮಗುವಿನ ಹುಟ್ಟಿದಹಬ್ಬ ಯಾವತ್ತು, ಯಾರಿಗೆ ಬದನೆಕಾಯಿ ಆಗುವುದಿಲ್ಲ, ಯಾರ ಅತ್ತೆ ಊರಿಂದ ಬಂದಾಗ ಯಾವ ಸೀರೆ ಉಟ್ಟಿದ್ದರು — ಕೇಳಿದರೆ ತಟ್ಟನೆ ಉತ್ತರ. ಆಗ ಅವಳು ಒಂದು ಡೇಕೇರಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಹೊಸದಾಗಿ ಡ್ರೈವಿಂಗ್ ಲೈಸೆನ್ಸು ತೆಗೆದುಕೊಂಡಿದ್ದಳು. ನಮ್ಮ ಮನೆಯಲ್ಲೇ ತನ್ನದೊಂದು ಡೇಕೇರು ಶುರು ಮಾಡಬೇಕು ಎನ್ನುವುದು ಅವಳ ಆಸೆ. ಗರಾಜಿನ ಪಕ್ಕದ ಕೋಣೆಗೆ ಹಳದಿ ಬಣ್ಣ ಆರಿಸಿಟ್ಟಿದ್ದಳು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ — ನಾನು ಕಿತ್ತುಕೊಂಡದ್ದು ಏನು ಎಂದು ನಿಮಗೆ ಗೊತ್ತಾಗಬೇಕು.

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಪಿಯೆತ್ರೊ ಎಂಬ ಇಟಾಲಿಯನ್ ಮುದುಕರಿದ್ದರು. ಹುಡುಗನಾಗಿದ್ದಾಗ ಹಡಗಿನಲ್ಲಿ ಬಂದವರು. ಒಂದು ಕಾಲಕ್ಕೆ ಆ ಬೀದಿಯೆಲ್ಲ ಅವರ ಏಪ್ರಿಕಾಟ್ ತೋಟವಂತೆ. ಉಳಿದಿದ್ದದ್ದು ಹಿತ್ತಲಿನ ನಾಲ್ಕಾರು ಮರ. ನಾನು ಪದಕ ಕೂಡಿಸುತ್ತೇನೆಂದು ತಿಳಿದು ಒಂದು ಸಂಜೆ ಕರೆದು, ಕರವಸ್ತ್ರದಲ್ಲಿ ಸುತ್ತಿಟ್ಟಿದ್ದ ಬೆಳ್ಳಿಯ ಶೌರ್ಯಪದಕವನ್ನು ತೋರಿಸಿದರು. ಮೊದಲನೇ ಮಹಾಯುದ್ಧದಲ್ಲಿ ಬೆಟ್ಟದ ಮೇಲೆ ಸತ್ತ ಅವರ ಅಣ್ಣನದು. ಬೆಳ್ಳಿ ಪೂರಾ ಕಪ್ಪಾಗಿತ್ತು.

ಇಟಲಿಯ ಈ ಪದಕಗಳ ಹಿಂಬದಿಯಲ್ಲಿ ಎರಡು ಎಲೆಯ ರೆಂಬೆಗಳ ನಡುವೆ ಖಾಲಿ ಜಾಗವಿರುತ್ತದೆ. ಪಡೆದವನ ಹೆಸರು ಕೆತ್ತಿಸುವುದು ಅಲ್ಲಿ. ಎಷ್ಟೋ ಪದಕಗಳು ಹೆಸರಿಲ್ಲದೆ ಖಾಲಿಯೇ ಉಳಿದುಬಿಡುತ್ತವೆ. ಇದೂ ಹಾಗೇ ಬಂದಿತ್ತಂತೆ. ಅವರ ತಾಯಿಗೆ ಓದುಬರಹ ಇರಲಿಲ್ಲ. ಊರಿನ ಪಾದ್ರಿಯ ಹತ್ತಿರ ಮಗನ ಹೆಸರೊಂದನ್ನು ಬರೆಯುವುದು ಕಲಿತು, ಬಟ್ಟೆ ಹೊಲಿಯುವ ಸೂಜಿಯಿಂದ ತಾವೇ ಅಲ್ಲಿ ಗೀರಿದ್ದರಂತೆ. ಆಕೆ ಜೀವನದಲ್ಲಿ ಬರೆದದ್ದು ಅಷ್ಟೇ. ಹಬ್ಬದ ದಿನ ಆ ಪದಕವನ್ನು ಎದೆಯ ಬಲಗಡೆಗೆ ಸಿಕ್ಕಿಸಿಕೊಂಡು ಚರ್ಚಿಗೆ ಹೋಗುತ್ತಿದ್ದರು ಎಂದು ಪಿಯೆತ್ರೊ ಹೇಳಿದರು.

ಆ ವಾರಾಂತ್ಯ ನಮ್ಮ ಸಂಗ್ರಾಹಕರ ಕೂಟದ ಪ್ರದರ್ಶನವಿತ್ತು. ನನಗೂ ಒಂದು ಮೇಜು ಕೊಟ್ಟಿದ್ದರು. ಆ ಕೂಟದಲ್ಲಿ ನಾನೊಬ್ಬನೇ ಇಂಡಿಯದವನು. ಬೆನ್ನು ತಟ್ಟುತ್ತಿದ್ದರು, ನನ್ನ ಪದಕಗಳನ್ನು ಮಾತ್ರ ಬಗ್ಗಿ ನೋಡುತ್ತಿರಲಿಲ್ಲ. ತಾಯಿ ಸೂಜಿಯಲ್ಲಿ ಬರೆದ ಹೆಸರಿನ ಶೌರ್ಯಪದಕ ನನ್ನ ಮೇಜಿನ ಮೇಲಿದ್ದರೆ — ಬಾಯಲ್ಲಿ ನೀರೂರಿತು. ಪ್ರದರ್ಶನ ಮುಗಿದ ಕೂಡಲೇ ವಾಪಸ್ಸು ಕೊಡುತ್ತೇನೆಂದು ಅಂಗಲಾಚಿದೆ. ಪಿಯೆತ್ರೊ ಬಹಳ ಹೊತ್ತು ಯೋಚಿಸಿ, ಕರವಸ್ತ್ರದ ಸಮೇತ ನನ್ನ ಕೈಗಿಟ್ಟರು.

"ತೊಳೀಬೇಡ, ಒರೆಸಲೂಬೇಡ. ಕಪ್ಪಾಗಿದ್ದರೂ ಅದರ ಕೆಳಗೆ ನನ್ನ ಅಮ್ಮ ಇದ್ದಾಳೆ," ಎಂದರು.

"ನನಗೆ ಹೇಳಬೇಕಾ? ಊರಿಗೆಲ್ಲ ಅದನ್ನು ಹೇಳಿಕೊಡೋನೇ ನಾನು," ಎಂದೆ.

ಮಾರನೆಯ ದಿನ ವರಮಹಾಲಕ್ಷ್ಮಿ ಹಬ್ಬದ ಮುನ್ನಾದಿನ. ಸುಶೀಲ ಬೆಳಿಗ್ಗೆಯೇ ಮನೆಯ ಬೆಳ್ಳಿ ಸಾಮಾನನ್ನೆಲ್ಲ ಅಡಿಗೆಮನೆಯ ಮೇಜಿನ ಮೇಲೆ ಹರಡಿಕೊಂಡು, ಹುಣಸೆಹಣ್ಣು ಹಚ್ಚಿ, ವಿಭೂತಿಯಲ್ಲಿ ಉಜ್ಜಿ, ತೊಳೆದು, ದೊಡ್ಡ ಸ್ಟೀಲ್ ತಟ್ಟೆಯಲ್ಲಿ ಒಣಗಲು ಇಟ್ಟಿದ್ದಳು. ಆಮೇಲೆ ನಮ್ಮ ಮಗಳು ಅನುವನ್ನು ಕರೆದುಕೊಂಡು ಹೂವು, ಹಣ್ಣು ತರಲು ಹೋಗಿದ್ದಳು. ಅನುಗೆ ಆಗ ಒಂಬತ್ತು ವರ್ಷ. ನಾನು ಮಧ್ಯಾಹ್ನವೇ ಆಫೀಸಿನಿಂದ ಬಂದಿದ್ದೆ. ಮನೆಯಲ್ಲಿ ಯಾರೂ ಇರಲಿಲ್ಲ.

ಪದಕವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಭೂತಗನ್ನಡಿ ಹಿಡಿದರೂ ಕಪ್ಪಿನಲ್ಲಿ ಹೆಸರು ಕಾಣಲಿಲ್ಲ. ಕಾಣದ ಹೆಸರನ್ನು ಮೇಜಿನ ಮೇಲಿಟ್ಟು ಏನು ಪ್ರಯೋಜನ? ಕೂಟದ ಮಹಾಶಯರು ನೋಡಿ, "ಹೆಸರಿಲ್ಲದ್ದು, ಸಾಧಾರಣ" ಎಂದು ಮುಂದೆ ಹೋಗಿಬಿಡುತ್ತಾರೆ. ಸ್ವಲ್ಪವೇ ಸ್ವಲ್ಪ, ಹೆಸರಿರುವ ಕಡೆ ಮಾತ್ರ — ಮೇಜಿನ ಮೇಲೆ ಉಳಿದಿದ್ದ ಹುಣಸೆಹಣ್ಣಿನ ಚೂರನ್ನು ಬೆರಳಿಗೆ ತೆಗೆದುಕೊಂಡೆ. ಅಮ್ಮ ಪಂಚಪಾತ್ರೆ ಉಜ್ಜುತ್ತಿದ್ದುದನ್ನು ಎಷ್ಟು ಸಲ ನೋಡಿಲ್ಲ ನಾನು!

ಕಪ್ಪು ಬಿಟ್ಟುಕೊಂಡಿತು. ಒಂದು ಅಕ್ಷರ ಕಂಡಿತು. ಪಕ್ಕದಲ್ಲಿ ಇನ್ನೊಂದು. ಕೂದಲೆಳೆಯಷ್ಟು ತೆಳ್ಳಗೆ, ವಾಲಿಕೊಂಡು, ಮಗು ಬರೆದ ಹಾಗೆ. ಅಲ್ಲಿಗೆ ನಿಲ್ಲಿಸಬೇಕಾಗಿತ್ತು. ಮುಂದಿನದೂ ಕಾಣಲಿ ಎಂದು ಇನ್ನೂ ಉಜ್ಜಿದೆ. ಅಂಚಿನಲ್ಲಿ ಗಟ್ಟಿ ಕಲೆಯೊಂದು ಜಪ್ಪಯ್ಯ ಅಂದರೂ ಬಿಡಲಿಲ್ಲ. ಸಿಂಕಿನ ಕೆಳಗೆ ಪಾತ್ರೆ ತಿಕ್ಕುವ ಪುಡಿಯ ಡಬ್ಬವಿತ್ತು... ಎಂಜಿನಿಯರು ನಾನು. ಆ ಪುಡಿಯಲ್ಲಿ ಏನಿರುತ್ತದೆ, ಬೆಳ್ಳಿ ಎಷ್ಟು ಮೆದು ಎಂದು ಯಾರೂ ನನಗೆ ಹೇಳಿಕೊಡಬೇಕಾಗಿರಲಿಲ್ಲ. ಕೊನೆಗೆ ವಿಭೂತಿ ಹಚ್ಚಿ, ನೀರಿನಲ್ಲಿ ತೊಳೆದು ನೋಡಿದರೆ ಪದಕ ಹೊಸ ರೂಪಾಯಿಯ ಹಾಗೆ ಹೊಳೆಯುತ್ತಿತ್ತು. ರೆಂಬೆಗಳ ನಡುವೆ ಏನೂ ಇರಲಿಲ್ಲ. ಮೊದಲು ಕಂಡ ಎರಡು ಅಕ್ಷರಗಳೂ ಇರಲಿಲ್ಲ. ಓದಲು ಹೋಗಿ ಅಳಿಸಿಬಿಟ್ಟಿದ್ದೆ.

ಆಗ ಹೊರಗೆ ಕಾರು ನಿಂತ ಸದ್ದಾಯಿತು. ಸುಶೀಲ ಹೊಸದಾಗಿ ಕಲಿತಿದ್ದಳಲ್ಲ, ಬ್ರೇಕು ಸ್ವಲ್ಪ ಜೋರಾಗಿಯೇ ಒತ್ತುತ್ತಿದ್ದಳು. ನನ್ನ ಕೈಯಲ್ಲಿ ಪದಕ ಇತ್ತು. ಜೇಬಿತ್ತು, ಡ್ರಾಯರಿತ್ತು, ಅದರದೇ ಕರವಸ್ತ್ರವಿತ್ತು. ನಾನು ಅದನ್ನು ಅವಳ ತಟ್ಟೆಯಲ್ಲಿಟ್ಟೆ — ಕುಂಕುಮದ ಬಟ್ಟಲಿನ ಪಕ್ಕಕ್ಕೆ. ಗಾಬರಿಯಲ್ಲಿ ಕೈ ತಾನಾಗಿ ಹೋಯಿತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಗಾಬರಿಯಾದವನು ಆ ತಿಕ್ಕುವ ಪುಡಿಯ ಡಬ್ಬವನ್ನು ಮೊದಲಿದ್ದ ಜಾಗಕ್ಕೇ ಇಡುತ್ತಾನೆಯೇ? ನಾನು ಇಟ್ಟಿದ್ದೆ. ಕೈಯನ್ನೂ ಒರೆಸಿಕೊಂಡಿದ್ದೆ.

ಸುಶೀಲ ಹೂವಿನ ಪೊಟ್ಟಣ ಇಟ್ಟು, ಒಣಗಿದ ಸಾಮಾನನ್ನು ಒರೆಸುತ್ತ ಒರೆಸುತ್ತ ಅದನ್ನು ಕೈಗೆತ್ತಿಕೊಂಡಳು.

"ರೀ, ಇದು ಇಲ್ಲಿ ಹೇಗೆ ಬಂತು? ಆ ತಾತನ ಪದಕ ಅಲ್ವಾ ಇದು?"

"ನಿನ್ನೆ ರಾತ್ರಿ ಈ ಮೇಜಿನ ಮೇಲೇ ಇಟ್ಟಿದ್ದೆ," ಎಂದೆ. ಆಮೇಲೆ ತಲೆಯ ಮೇಲೆ ಕೈ ಹೊತ್ತುಕೊಂಡೆ. "ಅಯ್ಯೋ, ಏನೇ ಮಾಡಿದೆ ನೀನು? ಇದನ್ನೂ ಸೇರಿಸಿ ಉಜ್ಜಿಬಿಟ್ಟೆಯಾ?"

"ನಾನಾ? ಇಲ್ಲಾರೀ, ನಾನು ಇದನ್ನ ಮುಟ್ಟೇ ಇಲ್ಲ."

"ನೀನಲ್ಲದೆ ಇನ್ಯಾರು? ಮನೇಲಿ ವಿಭೂತಿ ಹಾಕಿ ಉಜ್ಜೋರು ಬೇರೆ ಯಾರಿದ್ದಾರೆ? ನೋಡು, ಸಂದೀಲಿ ಇನ್ನೂ ಬೂದಿ ಇದೆ."

ನೀನಲ್ಲದೆ ಇನ್ಯಾರು — ನಾನು ಅಂದದ್ದು ಇಷ್ಟೇ. ಅವಳು ಪದಕ ನೋಡಿದಳು, ತನ್ನ ಬೆರಳುಗಳನ್ನು ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ಹುಣಸೆಹಣ್ಣಿನ ಕಪ್ಪು ಇತ್ತು. ಜಗಳವಾಡಿದ್ದರೆ ನಾನು ಒಪ್ಪಿಕೊಂಡುಬಿಡುತ್ತಿದ್ದೆನೋ ಏನೋ... ಗೊತ್ತಿಲ್ಲ. ಅವಳು ಜಗಳವಾಡಲಿಲ್ಲ. ಗಂಡ ಸುಳ್ಳು ಹೇಳಬಹುದು ಎನ್ನುವುದು ಅವಳಿಗೆ ಹೊಳೆಯಲೇ ಇಲ್ಲ. ತನ್ನ ತಲೆಯೇ ಸುಳ್ಳು ಹೇಳುತ್ತಿರಬೇಕು ಎಂದುಕೊಂಡಳು.

"ಇಷ್ಟೊಂದು ಸಾಮಾನು ಇತ್ತು... ಗೊತ್ತಾಗದೆ ಸೇರಿಸಿಬಿಟ್ಟೆನಾ? ನೆನಪೇ ಆಗ್ತಿಲ್ಲವಲ್ಲ," ಎಂದಳು.

ಸಂಜೆ ಪಿಯೆತ್ರೊ ಮನೆಗೆ ಹೋಗಿ ಬಾಗಿಲಲ್ಲೇ ನಿಂತು, ಅವರು ಕೇಳುವ ಮೊದಲೇ, "ನನ್ನ ಹೆಂಡತಿ... ನಮ್ಮಲ್ಲಿ ಹಬ್ಬಕ್ಕೆ ಬೆಳ್ಳಿ ಬೆಳಗುವ ಪದ್ಧತಿ, ಅವಳಿಗೆ ಗೊತ್ತಿರಲಿಲ್ಲ," ಎಂದೆ. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿದ ಕಥೆ ಚಿಕ್ಕಂದಿನಲ್ಲಿ ಕೇಳಿ ನಗುತ್ತಿದ್ದೆ. ಪಿಯೆತ್ರೊ ಕನ್ನಡಕ ತೆಗೆದು, ಪದಕ ತಿರುಗಿಸಿ, ಆ ಖಾಲಿ ಜಾಗದ ಮೇಲೆ ಹೆಬ್ಬೆರಳು ಆಡಿಸುತ್ತ ನಿಂತರು. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗಬಹುದು ಎಂದು ಹುಡುಕುತ್ತಿದ್ದರು. ಆಮೇಲೆ ಕೇಳಿದ್ದು ಒಂದೇ ಮಾತು: "ಆಕೆ ಅಳುತ್ತಿದ್ದಾಳಾ?"

ಹಬ್ಬದ ದಿನ ಅವರೇ ಒಣಗಿಸಿದ ಏಪ್ರಿಕಾಟುಗಳ ಪೊಟ್ಟಣ ಹಿಡಿದು ನಮ್ಮ ಮನೆಗೆ ಬಂದರು. ಸುಶೀಲ ಹೊಸ ಸೀರೆಯುಟ್ಟು ಬಾಗಿಲಿಗೆ ಬಂದವಳು ಅವರ ಕಾಲಿಗೆ ಬಿದ್ದಳು. ಮುದುಕರು ಗಾಬರಿಯಾಗಿ ಗೋಡೆ ಹಿಡಿದುಕೊಂಡರು. "ಏಳಮ್ಮಾ, ನನ್ನ ತಾಯಿಯೂ ಹಬ್ಬ ಬಂದರೆ ಮನೆಯಲ್ಲಿರೋದನ್ನೆಲ್ಲ ತಿಕ್ಕಿ ತೊಳೀತಿದ್ದಳು," ಎಂದು ಏನೇನೋ ಸಮಾಧಾನ ಹೇಳಿದರು. ಹಿಂದೆ ನಿಂತಿದ್ದ ನಾನು ಕಾಫಿ ತರುತ್ತೇನೆಂದು ಒಳಗೆ ಹೋದೆ.

ಪ್ರದರ್ಶನಕ್ಕೆ ಹೋಗಲಿಲ್ಲ. ಅಂದಿನಿಂದ ಪದಕ ಕೂಡಿಸುವುದನ್ನೇ ಬಿಟ್ಟುಬಿಟ್ಟೆ ಎಂದು ಬರೆಯಲು ಆಸೆಯಾಗುತ್ತಿದೆ. ಬಿಡಲಿಲ್ಲ. ಎರಡು ತಿಂಗಳಲ್ಲಿ ಮತ್ತೆ ಆ ಪಾರ್ಕಿಂಗ್ ಲಾಟಿನಲ್ಲಿ ಟಿನ್ನುಗಳನ್ನು ಕೆದಕುತ್ತಿದ್ದೆ.

ಬಿಟ್ಟವಳು ಸುಶೀಲ. ಮೊದಮೊದಲು ನಾನು ಗಮನಿಸಲಿಲ್ಲ — ಇಲ್ಲ, ಗಮನಿಸಿದೆ. ಹೊರಗೆ ಹೊರಟವಳು ಸ್ಟೋವು ಆರಿಸಿದೆನೋ ಇಲ್ಲವೋ ಎಂದು ವಾಪಸ್ಸು ಹೋಗುತ್ತಿದ್ದಳು. ಕಾರು ಹತ್ತಿ ಮತ್ತೆ ಇಳಿಯುತ್ತಿದ್ದಳು. ಹಾಲು ತರುವುದಕ್ಕೆ ಸೆರಗಿಗೆ ಗಂಟು, ಫೋನ್ ಮಾಡುವುದಕ್ಕೆ ಗಂಟು. ನಂಬರುಗಳನ್ನು ಬಾಯಲ್ಲಿ ಹೇಳುತ್ತಿದ್ದವಳು, "ನೀವೇ ಒಂದ್ಸಲ ನೋಡಿಬಿಡಿ," ಎನ್ನಲು ಶುರು ಮಾಡಿದಳು. ಹೇಳಿದ ನಂಬರು ಯಾವತ್ತೂ ತಪ್ಪಿರುತ್ತಿರಲಿಲ್ಲ. ಅದನ್ನೂ ನಾನು ಗಮನಿಸಿದ್ದೆ.

ಒಂದು ದಿನ ಡೇಕೇರಿನ ಕೆಲಸ ಬಿಟ್ಟು ಬಂದೆ ಎಂದಳು.

"ಯಾಕೆ?"

"ಮಕ್ಕಳನ್ನ ನಂಬಿ ನಮ್ಮ ಕೈಗೆ ಕೊಟ್ಟುಹೋಗ್ತಾರೆ ರೀ. ನಾನು ಕೈಯಾರೆ ಮಾಡಿದ್ದೇ ನನಗೆ ನೆನಪಿರಲ್ಲ ಅಂದ್ರೆ... ಒಂದು ಮಗೂಗೆ ಔಷಧಿ ಎರಡು ಸಲ ಕೊಟ್ಟುಬಿಟ್ರೆ? ಹಿಂದಿನ ಬಾಗಿಲು ತೆಗೆದಿಟ್ಟು ಮರೆತುಬಿಟ್ರೆ?"

ಆ ಹೊತ್ತಿಗೆ ಬಾಯಿ ತೆರೆದೆ. ನಿಜವಾಗಿಯೂ ತೆರೆದೆ. "ಮನೇಲೇ ಆರಾಮಾಗಿರು, ಯಾರು ಬೇಡ ಅಂದ್ರು," ಎಂಬ ಮಾತು ಹೊರಗೆ ಬಂತು. ಗರಾಜಿನ ಪಕ್ಕದ ಕೋಣೆಗೆ ಹಳದಿ ಬಣ್ಣ ಬರಲಿಲ್ಲ. ಅಲ್ಲಿ ನನ್ನ ಡ್ರಾಯರುಗಳು ಬಂದವು. ಲೈಸೆನ್ಸು ಪರ್ಸಿನಲ್ಲೇ ಉಳಿಯಿತು. ಫ್ರೀವೇ ಇರಲಿ, ಗ್ರೋಸರಿಗೂ ಅವಳನ್ನು ನಾನೇ ಕರೆದೊಯ್ಯಬೇಕಾಯಿತು. ಕರೆದೊಯ್ಯಬೇಕಲ್ಲ ಎಂದು ಸಿಡುಕುತ್ತಲೂ ಇದ್ದೆ.

ಇದು ಸಾಲದು ಎಂಬಂತೆ ನಾನು ಅದನ್ನು ತಮಾಷೆ ಮಾಡಿದೆ. ಊಟಕ್ಕೆ ಬಂದವರ ಎದುರು, "ನಿಮ್ಮ ಒಡವೆ ಜೋಪಾನ, ನಮ್ಮ ಸುಶೀಲ ಕಣ್ಣಿಗೆ ಬಿದ್ರೆ ವಿಭೂತಿ ಹಾಕಿ ತಿಕ್ಕಿಬಿಡ್ತಾಳೆ," ಎಂದು ಶುರು ಮಾಡಿ ಇಡೀ ಕಥೆ ಹೇಳುತ್ತಿದ್ದೆ. ಕಾಲಕಾಲಕ್ಕೆ ಉಪ್ಪುಖಾರ ಸೇರಿಸಿದೆ. ಅನು ಕೂಡ ಕಲಿತಳು: ಅವಳಮ್ಮ ಬಟ್ಟೆ ಹಿಡಿದು ಯಾವ ಸಾಮಾನಿನ ಹತ್ತಿರ ಹೋದರೂ, "ಅಮ್ಮಾ, ನಾಟ್ ದಟ್ ಒನ್!" ಎಂದು ಕೂಗುವುದು. ಎಲ್ಲರೂ ನಗುತ್ತಿದ್ದರು. ಸುಶೀಲಳೂ ನಗುತ್ತಿದ್ದಳು. ಒಂದು ಸುಳ್ಳನ್ನು ಗಟ್ಟಿ ಮಾಡುವುದಕ್ಕೆ ನಗುವಿಗಿಂತ ಒಳ್ಳೆಯ ಗಾರೆ ಇಲ್ಲ ಎಂದು ನಾನು ಕಂಡುಕೊಂಡಿದ್ದೆ.

ಅವಳು ಪಿಯೆತ್ರೊ ಅವರನ್ನು ಕೊನೆಯವರೆಗೂ ನೋಡಿಕೊಂಡಳು. ಸಾರು, ಮೊಸರನ್ನ, ಜ್ವರ ಬಂದರೆ ಗಂಜಿ — ನಡೆದುಕೊಂಡು ಹೋಗಿ ಕೊಟ್ಟುಬರುತ್ತಿದ್ದಳು. ನೆರೆಯವರು ಎಂಥ ಒಳ್ಳೆಯ ಹೆಂಗಸು ಎನ್ನುತ್ತಿದ್ದರು. ಒಳ್ಳೆಯವಳು ಹೌದು. ಆದರೆ ಅವಳು ತೀರಿಸುತ್ತಿದ್ದದ್ದು ನನ್ನ ಪಾಪವನ್ನು. ಮಾಡಿದ್ದುಣ್ಣೋ ಮಹರಾಯ ಅಂತಾರೆ. ನಮ್ಮ ಮನೆಯಲ್ಲಿ ಮಾಡಿದವನೊಬ್ಬ, ಉಂಡವಳೊಬ್ಬಳು. ಪಿಯೆತ್ರೊ ತೀರಿಕೊಂಡಾಗ ಅವರ ತಂಗಿಯ ಮಗ ಬಂದು ಮನೆಯನ್ನೂ ಸಾಮಾನನ್ನೂ ವಿಲೇವಾರಿ ಮಾಡಿದ. ಆ ಪದಕವನ್ನು ಅವನು ಮುದುಕರ ಕೋಟಿಗೆ ಸಿಕ್ಕಿಸಿ ಅವರ ಜೊತೆಗೇ ಮಣ್ಣು ಮಾಡಿಸಿದ. ಸುಶೀಲ ಅಲ್ಲಿ ಬಿಕ್ಕಿಬಿಕ್ಕಿ ಅತ್ತಳು. ಇನ್ನು ಆ ಕಥೆ ಮುಗಿಯಿತು ಎಂದು ನನಗೆ ಹಗುರವಾಯಿತು. ಈಗ ಬರೆಯುವಾಗ ನಾಚಿಕೆಯಾಗುತ್ತಿದೆ, ಆದರೆ ಆದದ್ದು ಹಾಗೆಯೇ.

ಕಥೆ ಮುಗಿದಿರಲಿಲ್ಲ. ಬಹಳ ವರ್ಷಗಳ ಮೇಲೆ ಸುಶೀಲಳಿಗೆ ಕಾಯಿಲೆ ಬಂತು. ಡಾಕ್ಟರರು ಇನ್ನು ಆಗುವುದಿಲ್ಲ ಎಂದಾಗ, ಅಷ್ಟರಲ್ಲಿ ತಾನೂ ಡಾಕ್ಟರಾಗಿದ್ದ ಅನು ನಮ್ಮಿಬ್ಬರನ್ನೂ ಡ್ಯಾನ್‌ವಿಲ್‌ನ ತನ್ನ ಮನೆಗೆ ಕರೆದುಕೊಂಡು ಹೋದಳು. ಒಂದು ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಕಣ್ಣು ಮುಚ್ಚಿ ಮಲಗಿದ್ದವಳು ಕರೆದಳು.

"ರೀ, ಒಂದು ಕೇಳ್ಲಾ? ಬೈಕೋಬೇಡಿ."

"ಕೇಳು."

"ಅವತ್ತು ಆ ಪದಕ... ನಾನು ಎಷ್ಟು ಸಲ ಯೋಚನೆ ಮಾಡಿದೀನಿ ಗೊತ್ತಾ? ಮೊದಲು ಕಲಶದ ಚೊಂಬು ಉಜ್ಜಿದೆ. ಆಮೇಲೆ ಅತ್ತೆ ಕೊಟ್ಟ ಎರಡು ದೀಪ. ಒಂದರ ಬತ್ತಿ ಹಾಕೋ ಕಡೆ ಎಣ್ಣೆ ಗಟ್ಟಿಯಾಗಿತ್ತು. ಹರಿವಾಣ, ಪಂಚಪಾತ್ರೆ, ಉದ್ಧರಣೆ. ಕೊನೇಲಿ ಕುಂಕುಮದ ಬಟ್ಟಲು. ಎಲ್ಲಾ ಕಣ್ಣಿಗೆ ಕಟ್ಟಿದ ಹಾಗಿದೆ. ಅದೊಂದು ಮಾತ್ರ ಬರಲ್ಲ. ನಾನೇ ಉಜ್ಜಿದ್ದು ಅಲ್ವಾ ರೀ?"

ಒಂದೂ ತಪ್ಪಿರಲಿಲ್ಲ. ಇಷ್ಟು ವರ್ಷ ಕಳೆದರೂ ಅವಳ ತಲೆಯಲ್ಲಿ ಆ ಬೆಳಗು ಒಂದು ಪಾತ್ರೆಯೂ ಕಡಿಮೆಯಾಗದೆ ಹಾಗೇ ಇತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ಕಳೆದುಕೊಳ್ಳಲು ನನಗೆ ಉಳಿದಿದ್ದಾದರೂ ಏನು? ಒಂದು ಮಾತು, ಇಲ್ಲ ಎನ್ನುವ ಒಂದೇ ಮಾತು ಹೇಳಿದ್ದರೆ, ಅವಳು ತನ್ನ ತಲೆ ಸರಿಯಾಗಿಯೇ ಇತ್ತು ಎಂದು ತಿಳಿದು ಹೋಗುತ್ತಿದ್ದಳು. ಆದರೆ ಆಗ ಅವಳು ನನ್ನನ್ನು ನೋಡುತ್ತಿದ್ದಳು — ಆ ನೋಟ, ಅದು ಬದಲಾಗುವುದನ್ನು ನಾನು...

"ಹೂಂ ಕಣೆ," ಎಂದೆ. "ಈಗ್ಯಾಕೆ ಅದೆಲ್ಲ? ಮಲಕ್ಕೊ."

"ಸರಿ ಬಿಡಿ. ನೀವು ಹೇಳಿದ ಮೇಲೆ ಮುಗೀತು," ಎಂದು ಅವಳು ನನ್ನ ಕೈ ಹಿಡಿದುಕೊಂಡು ಕಣ್ಣು ಮುಚ್ಚಿದಳು. ಆ ವಾರವೇ ಹೋಗಿಬಿಟ್ಟಳು.

ಮೊದಲನೆಯ ಸುಳ್ಳಿಗೆ ಹೆದರಿಕೆ ಇತ್ತು, ದುರಾಸೆ ಇತ್ತು, ಏನಾದರೂ ಒಂದು ಹೆಸರು ಕೊಡಬಹುದು. ಈ ಎರಡನೆಯದಕ್ಕೆ ಕೊಡಲು ನನ್ನ ಹತ್ತಿರ ಹೆಸರಿಲ್ಲ.

ಈ ಸಲದ ವರಮಹಾಲಕ್ಷ್ಮಿಗೆ ಅನು ತನ್ನಮ್ಮನ ಬೆಳ್ಳಿಯನ್ನು ಹರಡಿಕೊಂಡು ಕುಳಿತಿದ್ದಳು. ಅವಳ ಮಗಳು ಮೀರ ಪಕ್ಕದಲ್ಲಿ ದೀಪ ಉಜ್ಜುತ್ತಿದ್ದಳು. ಅನು ನಗುತ್ತ ಅದೇ ಕಥೆ ಶುರು ಮಾಡಿದಳು, ನಾನು ಹಾಕಿದ್ದ ಉಪ್ಪುಖಾರದ ಸಮೇತ. ಮೀರ ಬಿದ್ದು ಬಿದ್ದು ನಕ್ಕಳು. "ಅಜ್ಜಿ ವಾಸ್ ಸೋ ಫರ್ಗೆಟ್‌ಫುಲ್!" ಎಂದಳು. ಅಜ್ಜಿಯನ್ನು ಆ ಹುಡುಗಿ ನೋಡಿಯೇ ಇಲ್ಲ. ಅಜ್ಜಿಯ ಬಗ್ಗೆ ಅವಳಿಗೆ ಗೊತ್ತಿರುವುದು ಅಷ್ಟೇ, ಮುಂದೆ ಅವಳು ತನ್ನ ಮಕ್ಕಳಿಗೆ ಹೇಳುವುದೂ ಅಷ್ಟೇ ಎಂದು ನನಗೆ ಹೊಳೆಯಿತು.

"ಅನು, ಅಮ್ಮ ಉಜ್ಜಲಿಲ್ಲ," ಎಂದೆ. "ಉಜ್ಜಿದ್ದು ನಾನು. ಉಜ್ಜಿ ಅವಳ ತಟ್ಟೇಲಿ ಇಟ್ಟಿದ್ದೂ ನಾನೇ. ಅವಳು ಯಾವತ್ತೂ ಏನನ್ನೂ ಮರೆತಿರಲಿಲ್ಲ."

ಅನು ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟಳು. ಮೀರ ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿದಳು. ಅನು ಕೂಗಾಡಲಿಲ್ಲ. ಯಾಕೆ ಎಂದೂ ಕೇಳಲಿಲ್ಲ. ತಲೆಯೆತ್ತದೆ, ನಿಧಾನವಾಗಿ ಮಾತು ಜೋಡಿಸಿಕೊಂಡು ಹೇಳಿದಳು.

"ಅಮ್ಮ ಕೊನೇಲಿ ನನ್ನನ್ನೂ ಕೇಳಿದ್ಲು ಅಪ್ಪ. 'ನಾನೇ ಉಜ್ಜಿದ್ದಾ?' ಅಂತ. ನಾನು ಹೌದು ಅಂದೆ. ನೀನು ಹೇಳಿದ್ದೆಯಲ್ಲ, ಅದಕ್ಕೆ."